ಕರಿ ಮೂರರ ಪಂಪಾವತಿ

ಹೊಸಪೇಟೆಯಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಕಿರೀಟ, ಗದೆ, ಪೊಲೀಸ್ ಟೋಪಿ, ಜರಿ ಸೀರೆ, ಸಾವ್ಕಾರನ ಕೋಟು ಎಲ್ಲವೂ ಒಂದೇ ಗೋಡೆಗೆ ಜೋತುಬಿದ್ದಿರುತ್ತವೆ. ಮಾವನವರು ಶುರು ಮಾಡಿದ್ದು, ಗಂಡ ತೀರಿಕೊಂಡ ಮೇಲೆ ನನ್ನ ತಲೆಗೆ ಬಂತು. ಈ ಅಂಗಡಿಯಲ್ಲಿ ಕೂತು ನಾನು ಕಲಿತದ್ದು ಒಂದೇ. ರಾಜನ ವೇಷ ಹಾಕಿದವನನ್ನು ಧೈರ್ಯವಾಗಿ ನಂಬಬಹುದು, ಅದು ವೇಷವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಒಳ್ಳೆಯ ಗಂಡನ ವೇಷ ಹಾಕಿದವನ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಅವನು ಅದನ್ನು ವಾಪಸು ತಂದುಕೊಡುವುದಿಲ್ಲ.

ನನಗೆ ಜಂಬುನಾಥನ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಬರೆಯಲು ಕೂತದ್ದು ಅವನ ಹೆಂಡತಿ ಪಂಪಾವತಿಯ ಬಗ್ಗೆ. ನಮ್ಮ ಕಡೆಯ ಹಳ್ಳಿಗಳಲ್ಲಿ ನಾಟಕ ನೋಡಿದವರಿಗೆ ಅವಳ ಪರಿಚಯ ಹೇಳಬೇಕಾಗಿಲ್ಲ. ನೋಡದವರಿಗಾಗಿ ಹೇಳುತ್ತೇನೆ.

ಪಂಪಾವತಿ ಹುಟ್ಟಿದ್ದು ಬುಕ್ಕಸಾಗರದಲ್ಲಿ. ತಾಯಿ ಕರೆಮ್ಮ ಕಂಡವರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಕೂಲಿ. ಅವ್ವ ಹಾಡು ಎತ್ತಿಕೊಂಡರೆ ಮಗಳು ಅದನ್ನು ಸಾಲಿನ ಕೊನೆಯವರೆಗೆ ಒಯ್ಯುತ್ತಿದ್ದಳು. ಊರ ಹುಡುಗರು ನಾಟಕದ ತಾಲೀಮು ನಡೆಸುವಾಗ ಬಾಗಿಲ ಹೊರಗೆ ನಿಂತು ಎಲ್ಲ ಹಾಡನ್ನೂ ಕಲಿತಳು. ತಾಲೀಮು ಕಲಿಸಲು ಬರುತ್ತಿದ್ದ ಓಬಳಪ್ಪ ಮಾಸ್ತರರು ಅವಳ ದನಿ ಕೇಳಿ, ಇವಳನ್ನು ನನ್ನ ಜೊತೆ ಕಳಿಸಿ ಎಂದರು. ಅಪ್ಪ ಬೆನ್ನಟ್ಟಿ ಹೊಡೆದ. ಕರೆಮ್ಮ ಮಾತ್ರ, ಗದ್ದೆಯ ಕೆಸರಿಗಿಂತ ನಾಟಕದ ಹಲಗೆ ಒಣಗಿರುತ್ತದೆ, ಹೋಗು ಅಂದಳಂತೆ. ಹಂಗೆ ಬಂದವಳು ನಮ್ಮ ಅಂಗಡಿಗೆ ಮೊದಲ ಸಲ ಡ್ರೆಸ್ ನೋಡಲು ಬಂದಾಗ ಹದಿನೇಳರ ಹುಡುಗಿ. ಜರಿ ಸೀರೆಯನ್ನು ಮುಟ್ಟಲು ಹೆದರುತ್ತಿದ್ದಳು.

ನಮ್ಮ ಹಳ್ಳಿ ನಾಟಕಗಳ ಪದ್ಧತಿ ಹೀಗಿದೆ. ಗಂಡು ಪಾತ್ರಗಳನ್ನೆಲ್ಲ ಊರವರೇ ಮಾಡುತ್ತಾರೆ, ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನ ಕಲಾವಿದೆಯರನ್ನು ವೀಳ್ಯ ಕೊಟ್ಟು ಕರೆಸುತ್ತಾರೆ. ಅವರು ಬರುವುದು ನಾಟಕದ ದಿನವೇ. ಯಾವ ಊರೋ, ಯಾವ ಹೀರೋನೋ, ತಾಲೀಮಿಲ್ಲ, ಗುರುತಿಲ್ಲ. ಅಂಥಲ್ಲಿ ಕಲಾವಿದೆಗೆ ಇರುವ ಆಸರೆ ಹಾರ್ಮೋನಿಯಂ ಮಾಸ್ತರ ಒಬ್ಬನೇ. ಅವನು ಪೆಟ್ಟಿಗೆಯ ಮೇಲೆ ಒಂದು ಸಾಲು ನುಡಿಸಿ ಶ್ರುತಿ ಕೊಡುತ್ತಾನೆ, ಇವಳು ಕಣ್ಣುಮುಚ್ಚಿ ನಂಬಿ ಬಾಯಿ ತೆರೆಯುತ್ತಾಳೆ. ಆ ಶ್ರುತಿಯನ್ನು ವೇದಿಕೆಯ ಮೇಲೆ ಪ್ರಶ್ನಿಸುವ ಹಾಗಿಲ್ಲ. ರಂಗಕ್ಕೆ ಹೋಗುವ ಮೊದಲು ಪೆಟ್ಟಿಗೆಗೆ ಕೈಮುಟ್ಟಿಸಿ ಹಣೆಗೆ ಒತ್ತಿಕೊಳ್ಳುವುದು ಅದಕ್ಕೇ.

ಯಾರ ದನಿಗೆ ಯಾವ ಶ್ರುತಿ ಎಂಬುದಕ್ಕೆ ಪೆಟ್ಟಿಗೆಯ ಮನೆಗಳೇ, ಅಂದರೆ ಬೆರಳಿಡುವ ಬಿಳಿ ಕರಿ ಪಟ್ಟಿಗಳೇ, ಲೆಕ್ಕ. ಬಿಳಿ ನಾಲ್ಕು, ಕರಿ ಎರಡು, ಹೀಗೆ; ಸಂಖ್ಯೆ ಏರಿದಂತೆ ಶ್ರುತಿಯೂ ಏರುತ್ತದೆ. ಪಂಪಾವತಿಯದು ಕರಿ ಐದು. ಹೆಂಗಸರಲ್ಲೂ ಅಷ್ಟು ಎತ್ತರದಲ್ಲಿ ನಿಂತು ಹಾಡುವವರು ಕಡಿಮೆ. ಮೈಕು ಕೆಟ್ಟರೂ ಕಡೆಯ ಸಾಲಿನ ಮುದುಕನಿಗೆ ಮಾತು ಕೇಳುತ್ತಿತ್ತು.

ಜಂಬುನಾಥ ಓಬಳಪ್ಪ ಮಾಸ್ತರರ ಶಿಷ್ಯ. ಒಳ್ಳೆಯ ಕೈ. ಸೋಮವಾರಗಳಲ್ಲಿ ಹಂಪಿಗೆ ಹೋಗಿ ಭಜನೆಗೆ ನುಡಿಸುತ್ತಿದ್ದ, ಸುಗ್ಗಿಯಲ್ಲಿ ನಾಟಕಕ್ಕೆ. ಇಬ್ಬರೂ ಊರೂರು ತಿರುಗುತ್ತಾ ಒಬ್ಬರಿಗೊಬ್ಬರು ಒಗ್ಗಿ ಮದುವೆಯಾದರು. ಹೊಸಪೇಟೆಯಲ್ಲಿ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ ಮಾಡಿದರು. ಶಿಲ್ಪಶ್ರೀ ಎಂಬ ಮಗಳು ಹುಟ್ಟಿದಳು. ಆಮೇಲೆ ಎಲ್ಲ ಸಂಸಾರಗಳಲ್ಲಿ ಆಗುವುದು ಇಲ್ಲೂ ಆಯಿತು, ಸ್ವಲ್ಪ ಹೆಚ್ಚೇ ಆಯಿತು. ಪೋಸ್ಟರಿನಲ್ಲಿ ಅವಳ ಫೋಟೋ ಅಂಗೈಯಗಲ, ಇವನ ಹೆಸರು ಕೆಳಗೆ ಪ್ರೆಸ್ಸಿನವರ ಹೆಸರಿನ ಪಕ್ಕ. ಜನ ಇವನನ್ನು ತೋರಿಸಿ, "ಪಂಪಾವತಿ ಅಕ್ಕಾರ ಯಜಮಾನ್ರು, ಪೇಟಿ ಬಾರಸ್ತಾರ" ಅನ್ನುತ್ತಿದ್ದರು. ಜಂಬುನಾಥ ಕುಡಿಯುವವನಲ್ಲ, ಹೊಡೆಯುವವನಲ್ಲ. ಮಾತು ಬಿಡುವವನು. ಒಂದು ಸಲ ಮಾತು ಬಿಟ್ಟರೆ ವಾರಗಟ್ಟಲೆ ಅವನ ಬಾಯಿಂದ 'ನೀರು ಕೊಡು' ಎಂಬುದೂ ಹೊರಡುತ್ತಿರಲಿಲ್ಲ, ತಾನೇ ಎದ್ದು ಕುಡಿಯುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳವಾಡಿದರೆ ತಾನೇ ಅದು ಮುಗಿಯುವುದು. ಶಿಲ್ಪಶ್ರೀ ಮದುವೆಯಾಗಿ ಯಶವಂತನಗರಕ್ಕೆ ಹೋದ ಮೇಲೆ, ಅಳಿಯ ಅಲ್ಲಿ ಗಣಿಯಲ್ಲಿ ಕೆಲಸಕ್ಕಿದ್ದಾನೆ, ಇಲ್ಲಿ ಇವರಿಬ್ಬರ ಮನೆಯಲ್ಲಿ ಟಿವಿ ಒಂದೇ ಮಾತಾಡುತ್ತಿತ್ತು.

ಆದರೂ ಅವರ ನಡುವೆ ಒಂದು ಉಳಿದಿತ್ತು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಇಲ್ಲವೆನ್ನುವುದಿಲ್ಲ.

ಪಂಪಾವತಿಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಥೈರಾಯ್ಡ್ ಅಂದರು, ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ದನಿ ಸ್ವಲ್ಪ ಇಳಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಂಗೇ ಆಯಿತು. ಕರಿ ಐದರಲ್ಲಿ ಬಾಯಿ ತೆರೆದರೆ ಮೇಲಿನ ಸ್ವರದಲ್ಲಿ ದನಿ ಒಡೆದು ಗಾಳಿಯಾಗುತ್ತಿತ್ತು. ಹಾಡಿನಿಂದಲೇ ಉಣ್ಣುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಸಾವು ಯಾವುದಿದೆ. ಕತ್ತಿನ ಗಾಯದ ಗುರುತು ಮುಚ್ಚಲು ನಾನು ಅಗಲವಾದ ಮಣಿಪಟ್ಟಿ ಹೊಲಿದುಕೊಟ್ಟೆ. ದನಿಯ ಗಾಯ ಮುಚ್ಚಿದವನು ಜಂಬುನಾಥ. ಅವಳು ಹಾಡುತ್ತಿದ್ದ ಅಷ್ಟೂ ಹಾಡನ್ನು ಕರಿ ಮೂರಕ್ಕೆ ಇಳಿಸಿಕೊಂಡು ಕೂತ. ಮೇಲೆ ಹೋಗುವ ಸಾಲುಗಳನ್ನು ತಿದ್ದಿ ಕೆಳಗಿನಿಂದ ಸುತ್ತಿ ಬರುವಂತೆ ಮಾಡಿದ. ಹಳ್ಳಿಯವರು ಯಾರಾದರೂ "ಅಕ್ಕಾರ ದನಿ ಬದಲಾಗೈತಲ್ರಿ" ಅಂದರೆ, "ಈಗ ಇದ ನಡೀತೈತ್ರಿ, ದಪ್ಪ ದನಿ" ಎಂದು ಬಾಯಿ ಮುಚ್ಚಿಸುತ್ತಿದ್ದ. ಮೇಲೆ ಹೋದರೆ ದನಿ ಒಡೆಯುವ ವಿಷಯ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಮಗಳಿಗೂ, ಗಡ್ಡೆ ತೆಗೆದರು ಎಂದಷ್ಟೇ ಗೊತ್ತು.

"ಮನ್ಯಾಗ ಮಾತಾಡಂಗಿಲ್ಲ ಅಕ್ಕ, ಆದ್ರ ಪೇಟಿ ಮುಂದ ಕುಂತ ಅಂದ್ರ ನನ್ನ ಬಿಟ್ಟುಕೊಡಂಗಿಲ್ಲ" ಎಂದು ಪಂಪಾವತಿ ನನಗೆ ಹೇಳಿದ್ದಳು. "ಅಷ್ಟು ಸಾಕು ನನಗ."

ಅಷ್ಟೇ ಸಾಕು ಅಂದುಕೊಂಡು ಬದುಕುವ ಹೆಂಗಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಅವತ್ತು ಬಯ್ಯುವ ಬದಲು ಚಾ ಮಾಡಿಕೊಟ್ಟೆ. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ಇತ್ತು.

ಹೋದ ವರ್ಷ ಸಂಡೂರಿನಲ್ಲಿ ಒಂದು ಕಲಾ ಸಂಘದವರು ಸಣ್ಣ ಸಂಗೀತ ನಾಟಕಗಳ ಸ್ಪರ್ಧೆ ಇಟ್ಟರು. ನಾಲ್ಕು ಜನರಿಗಿಂತ ಹೆಚ್ಚು ಇರಬಾರದು, ಹಾಡೇ ಮುಖ್ಯ. ಜಂಬುನಾಥ ತಾನೇ ಬರೆಯುತ್ತೇನೆ ಅಂದ. ಬರೆದ. 'ಎರಡು ತಟ್ಟೆ' ಎಂದು ಹೆಸರಿಟ್ಟ. ಪಾತ್ರ ಇಬ್ಬರದೇ, ಗಂಡ ಮತ್ತು ಹೆಂಡತಿ. ಗಂಡನಾಗಿ ಪರಶುರಾಮ್, ಗಣಿ ಕಂಪನಿಯ ಬಸ್ಸು ಓಡಿಸುವವನು, ಒಳ್ಳೆಯ ನಟ. ಹೆಂಡತಿಯಾಗಿ ಪಂಪಾವತಿ. ಪೆಟ್ಟಿಗೆಗೆ ಜಂಬುನಾಥ, ತಬಲಾಕ್ಕೆ ತಿಪ್ಪೇಶ. ಗಂಡ ಹೆಂಡತಿ ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಾರೆ, ಹೇಳಬೇಕಾದ್ದನ್ನು ಗೋಡೆಗೆ ಹಾಡಿ ಹೇಳುತ್ತಾರೆ. ಕೊನೆಗೆ ಗಂಡ ಬ್ಯಾಗು ಹಿಡಿದು ಹೊರಡುತ್ತಾನೆ, ಹೆಂಡತಿ ಹೊಸ್ತಿಲಲ್ಲಿ ನಿಂತು, ಹೋಗಬೇಡ ಎಂದು ಹಾಡುತ್ತಾಳೆ. ಅಷ್ಟೇ ಕಥೆ. ತಾಲೀಮಿನಲ್ಲಿ ಮೊದಲ ಸಲ ಕೇಳಿದಾಗಲೇ ನನಗೆ ಗುರುತು ಸಿಕ್ಕಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅದು ನಮ್ಮ ಹಿಂದಿನ ಓಣಿಯ ಮನೆ, ಅವರದೇ ಅಡುಗೆಮನೆ, ಅವಳದೇ ಮಾತುಗಳು.

"ಏನಬೇ ಇದು, ನಿಮ್ಮ ಮನಿ ಬಾಗ್ಲ ತಗದು ಇಟ್ಟಾನಲ್ಲ" ಅಂದೆ.

"ಇಡಲಿ ಬಿಡು ಅಕ್ಕ" ಅಂದಳು ಪಂಪಾವತಿ. ನಗುತ್ತಿದ್ದಳು. "ನಾ ಅಂದಿದ್ದೆಲ್ಲ ಕೇಳಿಸ್ಕೊಂಡಾನ ನೋಡು. ನಾನು ಗ್ವಾಡಿಗೆ ಅಂತೀನಿ ಅನ್ಕೊಂಡಿದ್ದೆ. ಒಂದೊಂದು ಮಾತೂ ಮನಸ್ಸಿನ್ಯಾಗ ಇಟ್ಕೊಂಡಾನ. ಕಡೀ ಹಾಡು ನನ್ನ ಬಾಯಾಗ ಕೇಳ್ಬೇಕು ಅಂತ ಬರದಾನ, ಮತ್ತ್ಯಾಕ ಬರೀತಾನ?"

ಅವಳ ಆಸೆ ಅದೇ ಆಗಿತ್ತು. ಈ ನಾಟಕ ಅವನು ಮಾತಿಗೆ ವಾಪಸು ಬರುವ ದಾರಿ ಎಂದು ನಂಬಿಬಿಟ್ಟಿದ್ದಳು. ಆ ವಯಸ್ಸಿನಲ್ಲಿ, ಅಷ್ಟು ವರ್ಷದ ಮೌನದ ಮೇಲೆ, ಹೊಸ ಮದುಮಗಳ ಹಾಗೆ ತಾಲೀಮಿಗೆ ಹೋಗುತ್ತಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅವಳಿಗಾಗಿ ಹಳೆ ಕಾಟನ್ ಸೀರೆಗಳನ್ನು ಹುಡುಕಿ ತೆಗೆಯುತ್ತಿದ್ದೆ.

ತಾಲೀಮು ನಡೆಯುತ್ತಿದ್ದದ್ದು ಮಲಪನಗುಡಿಯಲ್ಲಿ ಪರಿಚಯದವರೊಬ್ಬರ ಖಾಲಿ ಶೆಡ್ಡಿನಲ್ಲಿ. ಎಲ್ಲ ಚೆನ್ನಾಗಿತ್ತು, ಕಡೆಯ ಹಾಡೊಂದೇ ಜಂಬುನಾಥನಿಗೆ ಸಮಾಧಾನ ಕೊಡಲಿಲ್ಲ.

"ಹಾಡು ಬರೋಬರಿ ಐತಿ. ಅದಕ್ಕ ಬ್ಯಾಡ ಆಗೈತಿ" ಅಂದ. "ಮನಿ ಮುರಿಯಾಕತ್ತೈತಿ, ನಿನ್ನ ದನಿ ಒಂಚೂರೂ ಮುರಿಯವಲ್ದು. ಮ್ಯಾಲಿನ ಸಾಲಿನ್ಯಾಗ ಒಡೀಬೇಕದು."

"ಬೇಕಂತ ಹೆಂಗ ಒಡೀಲಿ? ಒಡೀದಂಗ ಹಾಡಾಕ ನಾ ಹರೇದಾಗಿಂದ ಕಲ್ತೀನಿ. ಅಳ್ತೀನಿ, ಗಕ್ಕನ ನಿಲ್ಲಿಸ್ತೀನಿ, ಮತ್ತೇನರ ಹೇಳ್ರಿ ಮಾಡ್ತೀನಿ. ದನಿ ಒಡಿಯಾದು ಬ್ಯಾಡ."

ಅವಳು ಯಾಕೆ ಹೆದರುತ್ತಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಆಪರೇಷನ್ನಿನ ನಂತರ ಒಡೆದ ದನಿಯನ್ನು ಅವಳು ಮನೆಯಲ್ಲಿ ಕೇಳಿದ್ದಳು, ತಿಂಗಳುಗಟ್ಟಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಜಂಬುನಾಥ, "ಆತು ಬಿಡು, ನಿನಗ ತಿಳದಂಗ ಹಾಡು" ಅಂದ. ಹೊರಗೆ ಹೋಗಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಅವಳ ಪೊಟ್ಟಣಕ್ಕೆ ಈರುಳ್ಳಿ ಹಾಕಿಸಿರಲಿಲ್ಲ, ಗಂಟಲಿಗೆ ಆಗುವುದಿಲ್ಲವೆಂದು. ಅದನ್ನು ಬಿಚ್ಚಿ ನನಗೆ ತೋರಿಸಿದಳು.

ಸಂಡೂರಿನ ಪ್ರದರ್ಶನ ಸಂಜೆಗಿತ್ತು. ಸಭಾಭವನ ತುಂಬಿತ್ತು, ಮಗಳು ಅಳಿಯ ಯಶವಂತನಗರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಪರದೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಿದ್ದೆ. ಪಂಪಾವತಿ ಪೆಟ್ಟಿಗೆಗೆ ಕೈಮುಟ್ಟಿಸಿ ಹಣೆಗೆ ಒತ್ತಿಕೊಂಡು ಹೋದಳು. ನಾಟಕ ಚೆನ್ನಾಗಿ ಕುದುರಿತು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೊನೆಗೆ ಪರಶುರಾಮ್ ಬ್ಯಾಗು ಎತ್ತಿಕೊಂಡ. ಜಂಬುನಾಥ ಕಡೆಯ ಹಾಡಿಗೆ ಸಾಲು ನುಡಿಸಿದ.

ನನಗೆ ಸಂಗೀತ ಬರುವುದಿಲ್ಲ, ಆದರೆ ಆ ಹಾಡನ್ನು ಎಷ್ಟೋ ಸಲ ಕೇಳಿದ್ದೆ. ಶ್ರುತಿ ಯಾಕೋ ಮೇಲಿದೆ ಅನ್ನಿಸಿತು. ಪಂಪಾವತಿಯ ಮುಖ ನನ್ನ ಕಡೆಗಿತ್ತು. ಪೆಟ್ಟಿಗೆಯ ಮೊದಲ ಸ್ವರಕ್ಕೇ ಅವಳ ಕಣ್ಣು ಅಗಲವಾಯಿತು. ನಿಲ್ಲಿಸುವ ಹಾಗಿಲ್ಲ, ಕೇಳುವ ಹಾಗಿಲ್ಲ. ಎತ್ತಿಕೊಂಡಳು. ಮೊದಲೆರಡು ಸಾಲು ಹೇಗೋ ದಾಟಿಸಿದಳು. ಮೇಲಿನ ಸಾಲಿಗೆ ಹೋದಾಗ ದನಿ ಒಡೆಯಿತು. ಅವಳು ಬಿಡಲಿಲ್ಲ, ಮತ್ತೆ ಎತ್ತಿದಳು. ಮತ್ತೆ ಒಡೆಯಿತು, ಮೂರನೆಯ ಸಲ ಬರಿಯ ಗಾಳಿ ಬಂತು. ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ. ಬೆಳಕು ಆರಿತು.

ಸಭಾಭವನ ಎದ್ದುನಿಂತು ಚಪ್ಪಾಳೆ ಹೊಡೆಯಿತು. ಅಂಥ ಅಭಿನಯ ಕಂಡೇ ಇಲ್ಲವೆಂದು ತೀರ್ಪುಗಾರರು ಮೈಕಿನಲ್ಲಿ ಹೇಳಿದರು. ಶಿಲ್ಪಶ್ರೀ ಒಳಗೆ ಓಡಿಬಂದು ಅವ್ವನನ್ನು ತಬ್ಬಿಕೊಂಡು, "ಅವ್ವ, ಖರೇನ ಅಳು ಬಂತು ನನಗ, ಹೆಂಗ ಮಾಡಿದಿ ಅದನ್ನ" ಅಂದಳು. ಪಂಪಾವತಿ ಮಗಳ ಬೆನ್ನು ಸವರಿದಳು. ಮಾತಾಡಲು ದನಿಯೂ ಇರಲಿಲ್ಲ.

ಮಗಳು ಆಚೆ ಹೋದ ಮೇಲೆ ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟೆ. "ಜಂಬುಗೆ ಬಿಳಿ ಕರಿ ತಪ್ಪಿರ್ಬೇಕು, ಲೈಟು ಕಮ್ಮಿ ಇತ್ತು" ಅಂದೆ. ಆ ಗಳಿಗೆಯಲ್ಲಿ ನನಗೂ ಹಾಗೇ ನಂಬುವ ಆಸೆ.

ಪಂಪಾವತಿ ತಲೆ ಅಲ್ಲಾಡಿಸಿದಳು. ಪಿಸುದನಿಯಲ್ಲಿ, "ತಬಲಾ ಸೇರಿತ್ತು ಅಕ್ಕ" ಅಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೆಟ್ಟಿಗೆಯಲ್ಲಿ ಶ್ರುತಿ ಬದಲಿಸಲು ಬೆರಳು ಸರಿಸಿದರೆ ಸಾಕು. ತಬಲಾ ಹಾಗಲ್ಲ. ಅದನ್ನು ಸುತ್ತಿಗೆಯಿಂದ ಬಡಿದು ಒಂದು ಶ್ರುತಿಗೆ ಕೂರಿಸಿರುತ್ತಾರೆ. ಕರಿ ಮೂರಕ್ಕೆ ಕೂರಿಸಿದ್ದು ಕರಿ ಐದಕ್ಕೆ ಸೇರುವುದಿಲ್ಲ, ಸಣ್ಣ ಬಾಯಿಯ ಬೇರೆ ತಬಲಾವೇ ಬೇಕು. ಮಾಸ್ತರ ಕೈತಪ್ಪಿ ಮೇಲೆ ಹೋಗಿದ್ದರೆ ತಬಲಾ ಕೆಳಗೇ ಉಳಿದು ಒಡಕು ಕೇಳಬೇಕಿತ್ತು. ಕೇಳಲಿಲ್ಲ. ಅಷ್ಟು ನೋವಿನಲ್ಲೂ ಅವಳ ಕಿವಿ ಅದನ್ನು ಹಿಡಿದಿತ್ತು.

ತಿಪ್ಪೇಶನನ್ನು ಕರೆದು ಕೇಳಿದೆ. ಅವನು ಮುಚ್ಚಿಡಲಿಲ್ಲ. "ಮಾಸ್ತರು ಮುಂಜಾನೆನ ಹೇಳಿದ್ರು ಅಕ್ಕಾರ, ಕಡೀ ಹಾಡಿಗೆ ಸಣ್ಣದು ಕೂಡಿಸಿ ಬಾಜೂಕ ಇಟ್ಕೋ ಅಂತ. ನಿಮಗೂ ಗೊತ್ತೈತಿ ಅಂತ ನಾ ತಿಳ್ಕೊಂಡಿದ್ದೆ" ಎಂದು ಪಂಪಾವತಿಯ ಕಡೆ ನೋಡಿದ. ಅವಳ ಮುಖ ನೋಡಿ ಪಾಪ ಅವನೇ ಬೆವೆತ. ಹೊರಗೆ ಜಂಬುನಾಥ ಶಾಲು ಹೊದಿಸಿಕೊಳ್ಳುತ್ತಿದ್ದ. ಉತ್ತಮ ನಾಟಕ, ಉತ್ತಮ ಸಂಗೀತ, ಉತ್ತಮ ನಟಿ, ಮೂರೂ ಬಹುಮಾನ ಅವರಿಗೇ.

ಮಾರನೆಯ ದಿನ ಡ್ರೆಸ್ ವಾಪಸು ಕೊಡಲು ಇಬ್ಬರೂ ಅಂಗಡಿಗೆ ಬಂದರು. ಅವಳು ಕೇಳಿದ್ದು ನನ್ನ ಎದುರಿಗೇ.

"ಯಾಕ ಹಂಗ ಮಾಡಿದ್ರಿ?"

"ಏನು ಮಾಡ್ದೆ? ಪೇಟಿ ಮನಿ ತಪ್ತು."

"ತಬಲಾ ಸೇರಿತ್ತಲ್ರಿ."

ಜಂಬುನಾಥ ಸೀರೆ ಎಣಿಸುವವನ ಹಾಗೆ ಗಂಟಿನ ಕಡೆ ನೋಡುತ್ತಾ ನಿಂತ. ಎಲ್ಲ ಯೋಚಿಸಿದ್ದ ಮನುಷ್ಯ, ಹೆಂಡತಿಯ ಕಿವಿಯೊಂದನ್ನು ಮರೆತಿದ್ದ. ಆಮೇಲೆ ಅಂದ: "ನಾಟಕಕ್ಕ ಅದು ಬೇಕಾಗಿತ್ತು. ನೀ ಮಾಡ್ತಿದ್ದಿಲ್ಲ. ಈಗ ನೋಡು, ಊರು ತುಂಬ ನಿನ್ನ ಹೆಸರ ಹೇಳ್ತಾರ. ಲುಕ್ಸಾನು ಏನಾತು?"

"ನನ್ನ ಕೇಳಬೇಕಿತ್ತು."

"ಕೇಳಿದ್ರ ನೀ ಒಪ್ತಿದ್ದಿಲ್ಲ."

"ಬಿಡಿಸಿ ಹೇಳಿದ್ರ ಒಪ್ತಿದ್ದೆ" ಅಂದಳು ಪಂಪಾವತಿ. ದನಿ ಇನ್ನೂ ಸರಿಯಾಗಿರಲಿಲ್ಲ. "ನೀವು ಮಾತಾಡಿಸಿದ್ರ ಸಾಕಿತ್ತು, ಏನು ಕೇಳಿದ್ರೂ ಒಪ್ತಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಇಬ್ಬರ ನಡುವೆ ಬಾಯಿ ಹಾಕಿದೆ, ಹಾಕದಿದ್ದರೆ ನಾನು ಕೊಟ್ರಬಸಮ್ಮನೇ ಅಲ್ಲ. "ಜಂಬು, ನಾಕು ಮಂದಿ ಮುಂದ ಹೆಂಡ್ತಿ ಸೆರಗು ಎಳದ್ರೂ ಇಷ್ಟು ಕೆಟ್ಟ ಅನಸ್ತಿದ್ದಿಲ್ಲ" ಅಂದೆ. ಅವನು ಗಂಟು ಇಟ್ಟು ಹೊರಗೆ ನಡೆದ.

ಲುಕ್ಸಾನು ಏನಾತು ಎಂಬುದು ವಾರದೊಳಗೆ ತಿಳಿಯಿತು. ಆ ಹಾಡನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಹೊಸಪೇಟೆ, ಕಂಪ್ಲಿ, ಗಂಗಾವತಿ ಎಲ್ಲ ಕಡೆ ಹರಿದಾಡಿತು. ಪೇಟೆಯವರು ಎಂಥ ನಟನೆ ಅಂದರು. ಹಳ್ಳಿಯ ನಾಟಕದವರ ಕಿವಿ ಬೇರೆ. ನದಿ ದಂಡೆಯ ಒಂದೂರಿನಿಂದ, ಅಲ್ಲಿ ನಾಟಕ ಕಟ್ಟುವ ಪಾಲಯ್ಯ ಅವಳ ಮನೆಗೆ ಬಂದ. ಪ್ರತಿ ವರ್ಷ ಅವರ ಊರಿನ ನಾಟಕಕ್ಕೆ ಮೊದಲ ವೀಳ್ಯ ಪಂಪಾವತಿಗೇ. ನಾನೂ ಅವತ್ತು ಅಲ್ಲೇ ಇದ್ದೆ. ಚಾ ಕುಡಿದ, ಮಳೆ ಬೆಳೆ ಮಾತಾಡಿದ, "ಗಂಟ್ಲು ಹೆಂಗೈತ್ರಿ ಅಕ್ಕಾರ ಈಗ" ಎಂದು ಕೇಳಿದ.

"ಚಲೋ ಐತ್ರಿ. ಅದು ನಾಟಕದ್ದು" ಅಂದಳು.

"ಹೌದ್ರಿ ಹೌದ್ರಿ, ನಾಟಕದ್ದು" ಎಂದು ಎದ್ದ. ಎಲೆ ಅಡಿಕೆ ಇದ್ದ ಚೀಲ ಅವನ ಕಂಕುಳಲ್ಲೇ ಇತ್ತು. ಅದನ್ನು ಬಿಚ್ಚದೆ, ಬರ್ತೀನ್ರಿ ಎಂದು ಹೋದ. ಆಮೇಲೆ ಯಾರೂ ಬರಲಿಲ್ಲ. ಪಂಪಾವತಿಯನ್ನು ಕಳೆದುಕೊಂಡದ್ದು ಹಳ್ಳಿಗಳಿಗೂ ನಷ್ಟವೇ, ಆದರೆ ಒಡೆದ ಗಂಟಲನ್ನು ನಂಬಿ ಯಾವ ಊರು ನಾಟಕ ಕಟ್ಟುತ್ತದೆ? ಅವಳು ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಗಂಡ ಒಂದು ಹಾಡಿನಲ್ಲಿ ಬಿಚ್ಚಿ ಬೀದಿಗೆ ಹಾಕಿದ.

'ಎರಡು ತಟ್ಟೆ'ಗೆ ಮಾತ್ರ ಕರೆ ಬರತೊಡಗಿತು. ಮೊದಲು ಕರೆದವರು ಕಂಪ್ಲಿಯ ಅಕ್ಕಿ ಗಿರಣಿಯವರು. ಅವರ ಮುಖಂಡ ಜಡೆಪ್ಪ ಫೋನಿನಲ್ಲೇ ಹೇಳಿದನಂತೆ, ಆ ಕಡೀ ಹಾಡು ನೋಡಾಕಂತ ಮಂದಿ ಕಾಯಾಕತ್ತಾರ ಎಂದು. ನೀನು ಹೋಗಬೇಡ ಎಂದು ನಾನು ಅಂದೆ. ಪಂಪಾವತಿ ಕೇಳಲಿಲ್ಲ. ಉಳಿದದ್ದು ಇದೊಂದೇ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯದ್ದೇನಲ್ಲ. ಅವನು ಒಂದು ಸಲ ತಪ್ಪಿದ, ಎರಡನೆಯ ಸಲ ತಪ್ಪಲಾರ ಎಂದು ಅವಳಿಗೆ ನೋಡಬೇಕಿತ್ತು.

ಹೊರಡುವ ದಿನ ಮುಂಜಾನೆ ನನ್ನ ಅಂಗಡಿಯ ಮುಂದೆಯೇ ಅವನನ್ನು ನಿಲ್ಲಿಸಿ ಕೇಳಿದಳು. "ಕಡೀ ಹಾಡಿಗೆ ಕರಿ ಮೂರು ಕೊಡ್ತೀರಿಲ್ರಿ?"

"ಕೊಡ್ತೀನಿ" ಅಂದ.

"ನನ್ನ ಮುಖ ನೋಡಿ ಹೇಳ್ರಿ."

ಮುಖ ನೋಡಿದ. "ಕೊಡ್ತೀನಿ ಅಂದೆಲ್ಲ, ಪಂಪಾ" ಅಂದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ಅವಳ ಮುಖ ಅರಳಿತು. ನನಗೆ ಆ ಅರಳಿದ ಮುಖ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಕಂಪ್ಲಿಯಲ್ಲಿ ಮಧ್ಯಾಹ್ನದ ಆಟ, ಕಲ್ಯಾಣ ಮಂಟಪದಲ್ಲಿ. ಗಿರಣಿಯವರ ಹೆಂಗಸರು ಮಕ್ಕಳು, ಹಮಾಲರು, ಸುತ್ತಲ ಹಳ್ಳಿಯ ನಾಟಕದವರು ಎಲ್ಲ ಸೇರಿದ್ದರು. ಪಾಲಯ್ಯನೂ ಬಂದಿದ್ದ. ಕಡೆಯ ಹಾಡು ಹತ್ತಿರ ಬಂದಂತೆ ಸಾಲುಸಾಲಾಗಿ ಮೊಬೈಲುಗಳು ಮೇಲೆದ್ದವು. ಜಂಬುನಾಥ ಅವನ್ನು ನೋಡಿದ. ನಾನು ಪರದೆಯ ಪಕ್ಕದಿಂದ ಅವನನ್ನೇ ನೋಡುತ್ತಿದ್ದೆ. ತಿಪ್ಪೇಶನ ತೊಡೆಯ ಬಳಿ ಸಣ್ಣ ತಬಲಾ ಇತ್ತು. ಜಂಬುನಾಥ ಅವನಿಗೆ ಕಣ್ಸನ್ನೆ ಮಾಡಿ ಕರಿ ಐದರಲ್ಲಿ ಸಾಲು ನುಡಿಸಿದ.

ಪಂಪಾವತಿ ಎತ್ತಿಕೊಳ್ಳಲಿಲ್ಲ. ಕಲಾವಿದೆ ಎತ್ತಿಕೊಳ್ಳದಿದ್ದರೆ ಮಾಸ್ತರ ಆ ಸಾಲನ್ನೇ ಮತ್ತೆ ನುಡಿಸುವುದು ಪದ್ಧತಿ. ಮತ್ತೆ ನುಡಿಸಿದ. ಅವಳು ಹೊಸ್ತಿಲ ಮೇಲಿಂದ ತಿರುಗಿ ನೇರವಾಗಿ ಪೆಟ್ಟಿಗೆಯ ಕಡೆ ನೋಡಿದಳು.

"ಮಾಸ್ತರ, ಕರಿ ಮೂರು ಕೊಡ್ರಿ."

ಮೈಕಿನಲ್ಲಿ ಮಂಟಪಕ್ಕೆಲ್ಲ ಕೇಳಿತು. ಪೇಟೆಯವರು ಇದೂ ನಾಟಕವೆಂದುಕೊಂಡು ಕಾದರು. ಹಳ್ಳಿಯ ಕಲಾವಿದರು ಕೂತಲ್ಲೇ ಮಿಸುಕಿದರು. ಯಾವ ಕಲಾವಿದೆಯೂ ಜನರೆದುರು ಹಾಗೆ ಕೇಳಿದ್ದಿಲ್ಲ. ತನ್ನ ದನಿ ಇಳಿದಿದೆ ಎಂದು ಅವಳೇ ಸಾರಿ ಹೇಳಿದ ಹಾಗಾಯಿತು. ಜಂಬುನಾಥ ತಲೆ ಎತ್ತಲಿಲ್ಲ. ಕರಿ ಐದರಲ್ಲೇ ಮೂರನೆಯ ಸಲ ಅದೇ ಸಾಲು ನುಡಿಸಿದ.

ಆಗ ಪಂಪಾವತಿ ಹಾಡಿದಳು. ಪೆಟ್ಟಿಗೆಯನ್ನು ಬಿಟ್ಟು ತನ್ನ ಕರಿ ಮೂರರಲ್ಲೇ ಹಾಡಿದಳು. ಒಂದು ಗಳಿಗೆ ಎರಡೂ ಒಂದರ ಮೇಲೊಂದು ಬಿದ್ದು ಕಿವಿ ಕಿರುಗುಟ್ಟಿತು. ತಿಪ್ಪೇಶ ತಬಲಾದ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಜಂಬುನಾಥ ಒಬ್ಬನೇ ಮೇಲೆ ನುಡಿಸುತ್ತಾ ಉಳಿದ. ಅಪಸ್ವರ ಅವನದು ಎಂದು ಸಂಗೀತ ಬಾರದ ನನಗೂ ಗೊತ್ತಾಯಿತು. ಅವಳ ದನಿ ಎಲ್ಲೂ ಒಡೆಯಲಿಲ್ಲ. ದಪ್ಪವಾಗಿ, ಕೆಳಗಿನಿಂದ, ಗದ್ದೆಯಲ್ಲಿ ಹಾಡುವವರ ಹಾಗೆ, ಹೋಗಬೇಡ ಎಂದು ಎರಡು ಸಾಲು ಹಾಡಿದಳು. ಮುಂದಿನ ಸಾಲಿನ ಹೆಂಗಸರು ಮೊಬೈಲು ಕೆಳಗಿಳಿಸಿ ಸೆರಗು ಕಣ್ಣಿಗೆ ಒತ್ತಿಕೊಂಡರು.

ಮೂರನೆಯ ಸಾಲಿಗೆ ಜಂಬುನಾಥನ ಬೆರಳುಗಳು ಜಾರಿ ಕೆಳಗೆ ಬಂದವು. ಕರಿ ಮೂರಕ್ಕೆ ಬಂದು ಅವಳ ಕೆಳಗೆ ಮೆತ್ತಗೆ ನಿಂತಿತು ಪೆಟ್ಟಿಗೆ. ಸುಳ್ಳು ಹೇಳಬಾರದು, ಅಷ್ಟು ಚೆನ್ನಾಗಿ ಅವನು ಯಾವತ್ತೂ ನುಡಿಸಿರಲಿಲ್ಲ.

ಪಂಪಾವತಿ ಹಾಡು ನಿಲ್ಲಿಸಿದಳು. ಅರ್ಧ ಸಾಲಿಗೆ ಬಾಯಿ ಮುಚ್ಚಿ ನಿಂತುಬಿಟ್ಟಳು. ಅವನು ಆ ಸಾಲನ್ನು ಮತ್ತೆ ನುಡಿಸಿದ, ಮತ್ತೂ ನುಡಿಸಿದ, ಬಾ ಎಂದು ಕರೆಯುವ ಹಾಗೆ. ಅವಳು ಎತ್ತಿಕೊಳ್ಳಲಿಲ್ಲ. ಕೊನೆಗೆ ನಾನೇ ಪರದೆ ಇಳಿಸಿದೆ.

ವಾಪಸು ಬರುವಾಗ ಎಲ್ಲರೂ ಒಂದೇ ಟೆಂಪೋದಲ್ಲಿದ್ದೆವು. ಜಂಬುನಾಥ ಮುಂದೆ ಡ್ರೈವರನ ಪಕ್ಕದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದೆ ಡ್ರೆಸ್ಸಿನ ಟ್ರಂಕುಗಳ ಜೊತೆ ನಾನು ಮತ್ತು ಅವಳು. ರಾಮಸಾಗರ ದಾಟಿದೆವು. ನನಗೆ ತಡೆಯಲಾಗಲಿಲ್ಲ.

"ಇಳದು ಬಂದಿದ್ದನಲ್ಲಬೇ. ನಿನ್ನ ಶ್ರುತಿಗೇ ಬಂದಿದ್ದ. ಮತ್ಯಾಕ ನಿಲ್ಲಿಸಿದಿ?"

ಪಂಪಾವತಿ ತಗ್ಗಿದ ದನಿಯಲ್ಲಿ ಮಾತಾಡಲಿಲ್ಲ. ಎಂದಿನ ಹಾಗೆ, ಕಡೆಯ ಸಾಲಿಗೂ ಕೇಳುವ ಹಾಗೆ ಹೇಳಿದಳು.

"ಬಂದಿದ್ದ ಅಕ್ಕ, ಗೊತ್ತಾತು. ಆದ್ರ ಅವ ಬಂದ ಕೂಡ್ಲೆ ನನ್ನ ಕಿವಿ ಹಾಡು ಬಿಟ್ಟು ಅವನ ಕಡೀಗೆ ಹೋತು. ಮುಂದಿನ ಸಾಲಿಗೆ ಇಲ್ಲೇ ಇರ್ತಾನೋ, ಮತ್ತ ಬಿಟ್ಟು ಮ್ಯಾಕ ಹೋಗ್ತಾನೋ ಅಂತ ಕಾಯಾಕ ಹತ್ತಿದೆ. ಹಂಗ ಕಾವಲು ಕಾಯ್ಕೊಂತ ಹಾಡಾಕ ಬರಂಗಿಲ್ಲ ಅಕ್ಕ. ಬಾಳೇವೂ ಮಾಡಾಕ ಬರಂಗಿಲ್ಲ."

ಮುಂದಿನ ಸೀಟಿನಲ್ಲಿ ಜಂಬುನಾಥನಿಗೂ ಅದು ಕೇಳಿಸಿತು. ತಿರುಗಲಿಲ್ಲ. ಅವನಿಗೆ ಮಾತು ಬಿಟ್ಟು ಅಭ್ಯಾಸವಿತ್ತು. ಅವಳು ಅವನ ಜೊತೆ ಮಾತು ಬಿಟ್ಟದ್ದು ಅದೇ ಮೊದಲು.